ಮನೆತನದಲ್ಲಿ ಹರಿದುಬರುವ ಸ್ವಯಂ ನಿರೋಧಕ ಕಾಯಿಲೆಗಳು: ಅಂಜಿಕೆ ಬೇಡ, ಅರಿವಿರಲಿ



ಚಂದಕವಾಡಿ ಹೋಬಳಿಯ ಒಂದು ಒಕ್ಕಲು ಮನೆಯನ್ನು ಮನಸ್ಸಿಗೆ ತಂದುಕೊಳ್ಳೋಣ. ಅಜ್ಜಿಯ ಕೈಬೆರಳುಗಳು ಸಂಧಿವಾತದಿಂದ ಸೊಟ್ಟಗಾಗಿ ಇಪ್ಪತ್ತು ವರ್ಷಗಳಾಗಿವೆ. ಅವರ ಹಿರಿಯ ಮಗಳು ದಿನವೂ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆ ಸೇವಿಸುತ್ತಾರೆ. ಕಿರಿಯ ಮಗನ ತುಟಿಯಂಚಿನಲ್ಲಿಯೂ ಬೆರಳ ತುದಿಗಳಲ್ಲಿಯೂ ತೊನ್ನಿನ ಬಿಳಿ ಮಚ್ಚೆಗಳಿವೆ. ಈಗ ಮೊಮ್ಮಗಳಿಗೆ ಸಂಬಂಧ ಕೂಡಿಬಂದಿದೆ. ನಿಶ್ಚಿತಾರ್ಥಕ್ಕೆ ಒಂದು ತಿಂಗಳಿರುವಾಗ ಆಕೆಯ ಬೆರಳ ಗೆಣ್ಣುಗಳು ಮುಂಜಾನೆಯ ಹೊತ್ತು ಬಿಗಿದು ಊದಿಕೊಳ್ಳತೊಡಗಿವೆ. ಪರೀಕ್ಷಿಸಿದ ವೈದ್ಯರು ಅಜ್ಜಿಯದೇ ಕಾಯಿಲೆ ಎಂದಿದ್ದಾರೆ. ಮನೆಯವರಿಗೆ ಆ ರಾತ್ರಿ ನಿದ್ರೆಯಿಲ್ಲ. ಇದು ನಮ್ಮ ಮನೆತನದ ದೋಷವೇ? ಬೀಗರಿಗೆ ಹೇಳಬೇಕೇ, ಮುಚ್ಚಿಡಬೇಕೇ?

ಈ ಮನೆ ನಮ್ಮ ಕಲ್ಪನೆಯದು. ಪ್ರಶ್ನೆಗಳು ಮಾತ್ರ ಕಲ್ಪನೆಯವಲ್ಲ; ಅವು ನಮ್ಮ ಅನೇಕ ಮನೆಗಳ ಅಡುಗೆಕೋಣೆಯಲ್ಲಿ ಪಿಸುದನಿಯಲ್ಲಿ ಕೇಳಿಬರುವಂಥವು. ಈ ಸಂಚಿಕೆಯಲ್ಲಿ ಅವುಗಳಿಗೆ ಉತ್ತರವನ್ನು ಅರಸೋಣ.

ಬೇಲಿಯೇ ಹೊಲ ಮೇಯುವ ಕಾಯಿಲೆ

ನಮ್ಮ ದೇಹದಲ್ಲಿ ರೋಗನಿರೋಧಕ ಶಕ್ತಿಯೆಂಬ ಕಾವಲು ವ್ಯವಸ್ಥೆಯಿದೆ. ಹೊರಗಿನಿಂದ ಬರುವ ರೋಗಾಣುಗಳನ್ನು ಗುರುತಿಸಿ ನಾಶಪಡಿಸುವುದು ಅದರ ಕೆಲಸ. ತನ್ನದು ಯಾವುದು, ಪರರದು ಯಾವುದು ಎಂಬ ವಿವೇಕ ಅದಕ್ಕಿರಬೇಕು. ಆ ವಿವೇಕ ತಪ್ಪಿದಾಗ ಅದು ಸ್ವಂತ ಅಂಗಗಳ ಮೇಲೆಯೇ ಎರಗುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ನಮ್ಮ ಗಾದೆ ಈ ಸ್ಥಿತಿಗೆ ಸರಿಯಾಗಿ ಒಪ್ಪುತ್ತದೆ. ವೈದ್ಯರು ಇದನ್ನು ಆಟೋಇಮ್ಯೂನ್, ಎಂದರೆ ಸ್ವಯಂ ನಿರೋಧಕ ಕಾಯಿಲೆ ಎಂದು ಕರೆಯುತ್ತಾರೆ.

ದಾಳಿ ಎಲ್ಲಿ ನಡೆಯುತ್ತದೆಯೋ ಅದರಂತೆ ಕಾಯಿಲೆಯ ಹೆಸರು ಬದಲಾಗುತ್ತದೆ. ಕೀಲುಗಳ ಒಳಪೊರೆಯ ಮೇಲಾದರೆ ರುಮಟಾಯ್ಡ್ ಸಂಧಿವಾತ. ಕುತ್ತಿಗೆಯ ಥೈರಾಯ್ಡ್ ಗ್ರಂಥಿಯ ಮೇಲಾದರೆ ಹಾಶಿಮೋಟೊ ಅಥವಾ ಗ್ರೇವ್ಸ್ ಕಾಯಿಲೆ. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಮೇಲಾದರೆ ತೊನ್ನು. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳ ಮೇಲಾದರೆ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಮೊದಲನೆಯ ಬಗೆಯ ಮಧುಮೇಹ. ಚರ್ಮ, ಕೀಲು, ಮೂತ್ರಪಿಂಡ ಮೊದಲಾಗಿ ಹಲವು ಅಂಗಗಳನ್ನು ಒಟ್ಟಿಗೆ ಬಾಧಿಸುವುದು ಲೂಪಸ್.

ದೇಹವು ತನ್ನನ್ನು ತಾನೇ ಹಿಂಸಿಸಿಕೊಳ್ಳಲಾರದು ಎಂಬುದು ಇಪ್ಪತ್ತನೆಯ ಶತಮಾನದ ಆದಿಭಾಗದ ವಿಜ್ಞಾನಿಗಳ ನಂಬಿಕೆಯಾಗಿತ್ತು. ಜಪಾನಿನ ಶಸ್ತ್ರವೈದ್ಯ ಹಕಾರು ಹಾಶಿಮೋಟೊ ಅವರು 1912ರಲ್ಲಿ ನಾಲ್ವರು ಮಹಿಳೆಯರ ಥೈರಾಯ್ಡ್ ಗ್ರಂಥಿಯಲ್ಲಿ ವಿಚಿತ್ರವಾದ ಬದಲಾವಣೆಗಳನ್ನು ಕಂಡು ಬರೆದಿಟ್ಟರು; ಕಾರಣ ತಿಳಿದಿರಲಿಲ್ಲ. 1956ರಲ್ಲಿ ಲಂಡನ್ನಿನ ಸಂಶೋಧಕರು ಇಂತಹ ರೋಗಿಗಳ ರಕ್ತದಲ್ಲಿ ಸ್ವಂತ ಥೈರಾಯ್ಡಿನ ವಿರುದ್ಧವೇ ಹುಟ್ಟಿದ ಪ್ರತಿಕಾಯಗಳನ್ನು ಗುರುತಿಸಿದರು. ಅಲ್ಲಿಗೆ ಹಳೆಯ ನಂಬಿಕೆ ಕುಸಿಯಿತು.

ಹರಿದುಬರುವುದು ಕಾಯಿಲೆಯಲ್ಲ, ಒಲವು

ವಂಶದಲ್ಲಿ ಬರುವ ಕಾಯಿಲೆಗಳೆಲ್ಲ ಒಂದೇ ಬಗೆಯವಲ್ಲ. ನಮ್ಮ ಪೂರ್ವಕ್ಕಿರುವ ಬಿಳಿಗಿರಿರಂಗನ ಬೆಟ್ಟದ ಸೋಲಿಗ ಸಮುದಾಯದಲ್ಲಿ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ ಕಂಡುಬರುತ್ತದೆ. ಅದಕ್ಕೆ ಕಾರಣ ಒಂದೇ ಒಂದು ವಂಶವಾಹಿಯ ದೋಷ. ತಂದೆತಾಯಿ ಇಬ್ಬರಲ್ಲೂ ಆ ದೋಷ ಅಡಗಿದ್ದರೆ, ಪ್ರತಿ ಗರ್ಭದಲ್ಲಿಯೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು ಪಾಲು. ಅಲ್ಲಿ ಲೆಕ್ಕ ಸ್ಪಷ್ಟ.

ಸ್ವಯಂ ನಿರೋಧಕ ಕಾಯಿಲೆಗಳಲ್ಲಿ ಇಂತಹ ಸರಳ ಲೆಕ್ಕವಿಲ್ಲ. ಅವುಗಳ ಹಿಂದೆ ಹತ್ತಾರು ವಂಶವಾಹಿಗಳಿದ್ದು, ಒಂದೊಂದೂ ಅಷ್ಟಿಷ್ಟು ಪಾಲು ಕೊಡುತ್ತದೆ. ಇವುಗಳಲ್ಲಿ ಮುಖ್ಯವಾದವು ಆರನೆಯ ವರ್ಣತಂತುವಿನಲ್ಲಿರುವ ಎಚ್‌ಎಲ್‌ಎ ಎಂಬ ಗುಂಪಿಗೆ ಸೇರಿವೆ. ತನ್ನದು–ಪರರದು ಎಂಬ ಗುರುತನ್ನು ಕಾವಲು ಕೋಶಗಳಿಗೆ ಕಲಿಸುವಲ್ಲಿ ಇವುಗಳ ಪಾತ್ರ ದೊಡ್ಡದು. ಬೆನ್ನುಮೂಳೆಯನ್ನು ಬಿಗಿದು ಬಾಗಿಸುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಕಾಯಿಲೆಗೂ ಎಚ್‌ಎಲ್‌ಎ–ಬಿ27 ಎಂಬ ವಂಶವಾಹಿಗೂ ಇರುವ ನಂಟು 1973ರಲ್ಲಿ ಬೆಳಕಿಗೆ ಬಂತು. ಈ ಕಾಯಿಲೆಯುಳ್ಳವರಲ್ಲಿ ಬಹುಪಾಲು ಜನರಲ್ಲಿ ಆ ವಂಶವಾಹಿ ಇರುತ್ತದೆ. ಆದರೆ ಆ ವಂಶವಾಹಿಯನ್ನು ಹೊತ್ತ ನೂರು ಜನರಲ್ಲಿ ಕಾಯಿಲೆ ಬರುವುದು ಕೆಲವರಿಗೆ ಮಾತ್ರ. ಉಳಿದವರು ಜೀವನಪೂರ್ತಿ ಆರೋಗ್ಯದಿಂದಿರುತ್ತಾರೆ.

ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ಅಧ್ಯಯನ ಇದನ್ನು ಇನ್ನೂ ಸ್ಪಷ್ಟಪಡಿಸುತ್ತದೆ. ಅವರಿಬ್ಬರ ವಂಶವಾಹಿಗಳು ಒಂದೇ. ರೋಗ ಸಂಪೂರ್ಣವಾಗಿ ವಂಶದಿಂದಲೇ ಬರುವುದಾದರೆ ಒಬ್ಬರಿಗೆ ಬಂದದ್ದು ಇನ್ನೊಬ್ಬರಿಗೂ ತಪ್ಪದೆ ಬರಬೇಕಾಗಿತ್ತು. ರುಮಟಾಯ್ಡ್ ಸಂಧಿವಾತದಲ್ಲಿ ಹಾಗೆ ಬರುವುದು ನೂರಕ್ಕೆ ಸುಮಾರು 15 ಜೋಡಿಗಳಲ್ಲಿ ಮಾತ್ರ. ಮೊದಲನೆಯ ಬಗೆಯ ಮಧುಮೇಹದಲ್ಲಿ ಸುಮಾರು 30ರಿಂದ 50 ಜೋಡಿಗಳಲ್ಲಿ. ಪಾಶ್ಚಾತ್ಯ ದೇಶಗಳ ಅಧ್ಯಯನಗಳ ಪ್ರಕಾರ, ತಂದೆಗೆ ಈ ಮಧುಮೇಹವಿದ್ದರೆ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ ಸುಮಾರು 6, ತಾಯಿಗಿದ್ದರೆ ಅದಕ್ಕಿಂತಲೂ ಕಡಿಮೆ. ಸಾಮಾನ್ಯ ಜನರಿಗಿಂತ ಇದು ಹೆಚ್ಚು ನಿಜ. ಆದರೂ ನೂರು ಮಕ್ಕಳಲ್ಲಿ ತೊಂಬತ್ತಕ್ಕೂ ಹೆಚ್ಚು ಮಕ್ಕಳು ಕಾಯಿಲೆಯಿಲ್ಲದೆ ಬೆಳೆಯುತ್ತಾರೆ ಎಂಬುದನ್ನು ನಾವು ಮರೆಯಬಾರದು.

ಹಾಗಾದರೆ ಮಿಕ್ಕ ಕಾರಣವೇನು? ಅರಿಶಿನ ಬೆಳೆಯುವ ನಮ್ಮ ರೈತರಿಗೆ ಇದನ್ನು ವಿವರಿಸುವುದು ಸುಲಭ. ಒಂದೇ ರಾಶಿಯ ಬಿತ್ತನೆ ಗೆಡ್ಡೆಯನ್ನು ಎರಡು ಹೊಲಗಳಿಗೆ ಹಾಕಿದಾಗ, ನೀರು ನಿಲ್ಲುವ ಹೊಲದಲ್ಲಿ ಗೆಡ್ಡೆ ಕೊಳೆಯುತ್ತದೆ, ನೀರು ಬಸಿದುಹೋಗುವ ಹೊಲದಲ್ಲಿ ಉಳಿಯುತ್ತದೆ. ವಂಶವಾಹಿಯೆಂಬುದು ಗೆಡ್ಡೆಯಂತೆ, ಸೋಂಕು, ಧೂಮಪಾನ, ಹಾರ್ಮೋನುಗಳ ಏರುಪೇರು ಮೊದಲಾದವು ನೆಲ–ನೀರಿನಂತೆ. ಬೀಡಿ, ಸಿಗರೇಟುಗಳ ಸೇವನೆ ರುಮಟಾಯ್ಡ್ ಸಂಧಿವಾತದ ಅಪಾಯವನ್ನು ಹೆಚ್ಚಿಸುತ್ತದೆ ಎಂಬುದು ಸಿದ್ಧವಾಗಿರುವ ಸಂಗತಿ.

ಒಂದೇ ಮನೆ, ಬೇರೆ ಬೇರೆ ಕಾಯಿಲೆ

ಈ ಒಲವು ಒಂದೇ ಮನೆಯಲ್ಲಿ ಹಲವು ರೂಪಗಳಲ್ಲಿ ಕಾಣಿಸಿಕೊಳ್ಳಬಹುದು. ನಮ್ಮ ಕಲ್ಪನೆಯ ಮನೆಯಲ್ಲಿ ಅಜ್ಜಿಗೆ ಕೀಲು, ಮಗಳಿಗೆ ಥೈರಾಯ್ಡ್, ಮಗನಿಗೆ ತೊನ್ನು. ಹೊರನೋಟಕ್ಕೆ ಮೂರಕ್ಕೂ ನಂಟಿಲ್ಲ. ಆದರೆ ಈ ಕಾಯಿಲೆಗಳಿಗೆ ಕಾರಣವಾಗುವ ವಂಶವಾಹಿಗಳಲ್ಲಿ ಹಲವು ಸಮಾನವಾದವು. ಆದುದರಿಂದಲೇ ತೊನ್ನು ಇರುವವರಿಗೆ ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಲು ವೈದ್ಯರು ಹೇಳುವುದುಂಟು.

ತೊನ್ನಿನ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಶ್ವೇತಕುಷ್ಠವೆಂಬ ಹಳೆಯ ಹೆಸರು ಅನೇಕರ ಬಾಳನ್ನು ಕೆಡಿಸಿದೆ. ತೊನ್ನಿಗೂ ಕುಷ್ಠಕ್ಕೂ ಯಾವ ಸಂಬಂಧವೂ ಇಲ್ಲ. ಕುಷ್ಠ ರೋಗಾಣುವಿನಿಂದ ಬರುವಂಥದು. ಅದಕ್ಕೂ ಇಂದು ಪೂರ್ಣ ಚಿಕಿತ್ಸೆಯಿದೆ. ತೊನ್ನು ಮುಟ್ಟಿದರೆ, ಜೊತೆಯಲ್ಲಿ ಉಂಡರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ ಹರಡುವುದಿಲ್ಲ. ತೊನ್ನುಳ್ಳ ಬಹುಪಾಲು ಜನರ ಮನೆಗಳಲ್ಲಿ ಬೇರಾರಿಗೂ ಅದು ಇರುವುದಿಲ್ಲ. ದಾಸೋಹದ ಪಂಕ್ತಿಯಲ್ಲಿ ಇಂಥವರ ಪಕ್ಕದ ಜಾಗ ಖಾಲಿ ಉಳಿದರೆ, ತಪ್ಪು ಆ ಚರ್ಮದ್ದಲ್ಲ.

ಹೆಣ್ಣುಮಕ್ಕಳು ಮತ್ತು ಸೋದರ ಸಂಬಂಧ

ಸ್ವಯಂ ನಿರೋಧಕ ಕಾಯಿಲೆಯುಳ್ಳ ಐವರಲ್ಲಿ ನಾಲ್ವರು ಮಹಿಳೆಯರೆಂಬುದು ಸ್ಥೂಲವಾದ ಅಂದಾಜು. ಲೂಪಸ್‌ನಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಮಹಿಳೆಯರೇ. ಹೆಣ್ಣಿನ ಹಾರ್ಮೋನುಗಳೂ ಆಕೆಯಲ್ಲಿರುವ ಎರಡು ಎಕ್ಸ್ ವರ್ಣತಂತುಗಳೂ ಇದಕ್ಕೆ ಕಾರಣವೆನ್ನುತ್ತಾರೆ ತಜ್ಞರು. ಕಾಯಿಲೆ ಹೆಣ್ಣಿನಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವುದರಿಂದ ಆಕೆಯ ತಾಯಿಯ ಕಡೆಯಿಂದಲೇ ಬಂತೆಂದು ದೂರುವುದು ಸರಿಯಲ್ಲ. ಈ ವಂಶವಾಹಿಗಳು ತಂದೆಯಿಂದಲೂ ಬರುತ್ತವೆ; ತಂದೆ ಆರೋಗ್ಯವಂತನಾಗಿದ್ದೇ ಅವನ್ನು ಮಗಳಿಗೆ ದಾಟಿಸಬಹುದು.

ಸೋದರಮಾವನಿಗೆ ಅಥವಾ ಅತ್ತೆಯ ಮಗನಿಗೆ ಹೆಣ್ಣು ಕೊಡುವ ಪದ್ಧತಿ ನಮ್ಮ ಸೀಮೆಯಲ್ಲಿ ಬಹಳ ಹಿಂದಿನದು. ಸಿಕಲ್ ಸೆಲ್‌ನಂತಹ, ತಂದೆತಾಯಿ ಇಬ್ಬರಿಂದಲೂ ದೋಷ ಬಂದರೆ ಮಾತ್ರ ತೋರುವ ಕಾಯಿಲೆಗಳ ಅಪಾಯವನ್ನು ಒಳಸಂಬಂಧ ಹೆಚ್ಚಿಸುತ್ತದೆ. ಥೈರಾಯ್ಡ್, ಸಂಧಿವಾತಗಳಂತಹ ಸಾಮಾನ್ಯ ಸ್ವಯಂ ನಿರೋಧಕ ಕಾಯಿಲೆಗಳಿಗೆ ಒಳಸಂಬಂಧವೇ ಕಾರಣವೆಂದು ಹೇಳಲಾಗದು. ಹೊರಗಿನ ಸಂಬಂಧಗಳಲ್ಲಿ ಹುಟ್ಟಿದವರಿಗೂ ಇವು ಬರುತ್ತವೆ. ಆದರೂ ಗಂಡು, ಹೆಣ್ಣು ಎರಡೂ ಕಡೆ ಒಂದೇ ಕಾಯಿಲೆಯಿದ್ದಾಗ, ರಕ್ತಸಂಬಂಧದಲ್ಲಿ ಮದುವೆ ಮಾಡುವ ಮೊದಲು ವೈದ್ಯರ ಸಲಹೆ ಪಡೆಯುವುದು ವಿವೇಕ.

ಮುಚ್ಚಿಟ್ಟರೆ ಆಗುವ ಹಾನಿ

ಈಗ ಆ ಮೊಮ್ಮಗಳ ಮಾತಿಗೆ ಬರೋಣ. ಮನೆಯವರು ಬೀಗರಿಂದ ವಿಷಯ ಮರೆಮಾಚಿದರು ಎನ್ನೋಣ. ಮದುವೆಯಾಗಿ ಹೋದವಳು ಅತ್ತೆಮನೆಯಲ್ಲಿ ಮಾತ್ರೆ ತೆಗೆದುಕೊಳ್ಳುವುದು ಹೇಗೆ? ಒಂದೋ ಚಿಕಿತ್ಸೆ ನಿಲ್ಲಿಸುತ್ತಾಳೆ, ಇಲ್ಲವೇ ಕದ್ದು ನುಂಗುತ್ತಾಳೆ. ನಿಲ್ಲಿಸಿದರೆ ಕೀಲುಗಳು ಸವೆದು ಬೆರಳುಗಳು ಸೊಟ್ಟಗಾಗುತ್ತವೆ. ಹಾಗೆ ಆದ ಹಾನಿಯನ್ನು ಆಮೇಲೆ ಯಾವ ಔಷಧವೂ ಸರಿಪಡಿಸಲಾರದು. ಕದ್ದು ನುಂಗಿದರೆ ಅಪಾಯ ಬೇರೆ ಬಗೆಯದು. ಸಂಧಿವಾತಕ್ಕೆ ಸಾಮಾನ್ಯವಾಗಿ ಕೊಡುವ ಮೆಥೊಟ್ರೆಕ್ಸೇಟ್ ಗರ್ಭಸ್ಥ ಶಿಶುವಿಗೆ ತೀವ್ರ ಹಾನಿ ಮಾಡಬಲ್ಲದು. ಗರ್ಭ ಧರಿಸುವ ಮುನ್ನವೇ ವೈದ್ಯರು ಅದನ್ನು ನಿಲ್ಲಿಸಿ ಬೇರೆ ಔಷಧಕ್ಕೆ ಬದಲಿಸಬೇಕು. ಇದಕ್ಕೆ ಗಂಡನಿಗೂ ವಿಷಯ ತಿಳಿದಿರಬೇಕಲ್ಲವೇ?

ಥೈರಾಯ್ಡ್ ಮಾತ್ರೆಯ ಮಾತು ಇದಕ್ಕೆ ತದ್ವಿರುದ್ಧ. ಗರ್ಭಿಣಿ ಅದನ್ನು ನಿಲ್ಲಿಸಬಾರದು. ಅನೇಕರಿಗೆ ಪ್ರಮಾಣವನ್ನು ಹೆಚ್ಚಿಸಬೇಕಾಗುತ್ತದೆ, ಏಕೆಂದರೆ ಮಗುವಿನ ಮೆದುಳಿನ ಬೆಳವಣಿಗೆಗೆ ಅದು ಅವಶ್ಯ. ಲೂಪಸ್ ಇರುವವರು ಕಾಯಿಲೆ ಆರು ತಿಂಗಳಾದರೂ ಹತೋಟಿಯಲ್ಲಿದ್ದ ಬಳಿಕ ಗರ್ಭ ಧರಿಸುವುದು ಕ್ಷೇಮ. ಮೊದಲನೆಯ ಬಗೆಯ ಮಧುಮೇಹವುಳ್ಳವರು ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಕುತ್ತು. ಸರಿಯಾದ ಮೇಲ್ವಿಚಾರಣೆಯಿದ್ದರೆ ಇವರಲ್ಲಿ ಹೆಚ್ಚಿನವರು ಆರೋಗ್ಯವಂತ ಮಕ್ಕಳನ್ನು ಹೆರುತ್ತಾರೆ. ಗುಟ್ಟೇ ಇಲ್ಲಿ ಕಾಯಿಲೆಗಿಂತ ದೊಡ್ಡ ಶತ್ರು.

ಗುಟ್ಟು ಬಿಡಬೇಕಾದರೆ ಕೇಳುವ ಕಡೆಯವರಲ್ಲಿಯೂ ದೊಡ್ಡ ಮನಸ್ಸಿರಬೇಕು. ಹೆಣ್ಣಿನ ಕಡೆಯವರು ನಿಜ ಹೇಳಿದ ಕೂಡಲೇ ಸಂಬಂಧ ಮುರಿಯುವ ಊರಿನಲ್ಲಿ ಯಾರೂ ನಿಜ ಹೇಳುವುದಿಲ್ಲ. ಇಂದು ಮಗನಿಗೆ ಹೆಣ್ಣು ನೋಡುವವರು ನಾಳೆ ಮಗಳಿಗೆ ಗಂಡು ನೋಡುವವರೇ ಆಗಿದ್ದಾರೆ.

ನಾವು ಮಾಡಬೇಕಾದುದೇನು?

1. ಮನೆಯ ಹಿರಿಯರನ್ನು ಕೂರಿಸಿಕೊಂಡು ಮೂರು ತಲೆಮಾರಿನ ಆರೋಗ್ಯದ ವಿವರವನ್ನು ಒಂದು ಪುಸ್ತಕದಲ್ಲಿ ಬರೆದಿಡಿ: ತಂದೆಯ ಕಡೆ, ತಾಯಿಯ ಕಡೆ, ಯಾರಿಗೆ ಯಾವ ಕಾಯಿಲೆ, ಯಾವ ವಯಸ್ಸಿನಲ್ಲಿ. ವೈದ್ಯರ ಬಳಿ ಹೋಗುವಾಗ ಅದನ್ನು ಒಯ್ಯಿರಿ. ಅವರಿಗೆ ಇದು ರಕ್ತಪರೀಕ್ಷೆಯಷ್ಟೇ ನೆರವಾಗುತ್ತದೆ.

2. ಇಂತಹ ಕಾಯಿಲೆಯಿರುವ ಮನೆಯವರು ಈ ಲಕ್ಷಣಗಳನ್ನು ಕಡೆಗಣಿಸಬಾರದು: ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗೂ ಮೀರಿ ಉಳಿಯುವ ಕೀಲುಗಳ ಬಿಗಿತ, ಊತ, ಯುವಕರಲ್ಲಿ ನಿದ್ರೆಯಿಂದ ಎಬ್ಬಿಸುವ, ಓಡಾಡಿದರೆ ಕಡಿಮೆಯಾಗುವ ಸೊಂಟನೋವು, ಕಾರಣವಿಲ್ಲದ ದಣಿವು, ತೂಕದ ಏರಿಳಿತ, ಕುತ್ತಿಗೆಯ ಊತ, ಬಿಸಿಲಿಗೆ ಕೆನ್ನೆಗಳ ಮೇಲೆ ಏಳುವ ಕೆಂಪು, ಬಾಯಿಹುಣ್ಣು, ಕೂದಲುದುರುವಿಕೆ.

3. ಮಗು ಅತಿಯಾಗಿ ನೀರು ಕುಡಿದು, ಪದೇ ಪದೇ ಮೂತ್ರ ಮಾಡಿ, ಸೊರಗುತ್ತಿದ್ದರೆ ಅಂದೇ ರಕ್ತದ ಸಕ್ಕರೆ ಪರೀಕ್ಷಿಸಿ. ನಾಳೆಗೆ ಮುಂದೂಡುವುದು ಬೇಡ.

4. ಲಕ್ಷಣಗಳಿಲ್ಲದವರು ಹೆದರಿ ತಾವಾಗಿಯೇ ವಂಶವಾಹಿ ಪರೀಕ್ಷೆಗೋ ಎಎನ್‌ಎ ಪರೀಕ್ಷೆಗೋ ಹಣ ಸುರಿಯಬೇಕಾಗಿಲ್ಲ. ಎಎನ್‌ಎ ಪರೀಕ್ಷೆ ಆರೋಗ್ಯವಂತರಲ್ಲಿಯೂ ಕೆಲವೊಮ್ಮೆ ಪಾಸಿಟಿವ್ ಬರುತ್ತದೆ. ಯಾವ ಪರೀಕ್ಷೆ ಬೇಕೆಂಬುದನ್ನು ವೈದ್ಯರು ನಿರ್ಧರಿಸಲಿ.

5. ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯ ವೈದ್ಯರನ್ನು ಕಾಣಿರಿ. ಅಲ್ಲಿಂದ ಚಾಮರಾಜನಗರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ, ಅಗತ್ಯವಿದ್ದರೆ ಮೈಸೂರಿನ ಕೆ.ಆರ್. ಆಸ್ಪತ್ರೆ, ಜೆಎಸ್‌ಎಸ್ ಆಸ್ಪತ್ರೆಗಳಂತಹ ದೊಡ್ಡ ಆಸ್ಪತ್ರೆಗಳಿಗೆ ಹೋಗಬಹುದು.

6. ಒಂದೇ ವಾರದಲ್ಲಿ ಕೀಲುನೋವು ಮಾಯವಾಗಿಸುವ ಹೆಸರಿಲ್ಲದ ಪುಡಿ, ಗುಳಿಗೆಗಳ ಬಗ್ಗೆ ಎಚ್ಚರವಿರಲಿ. ಇಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು. ನೋವು ಇಳಿದಂತೆ ತೋರಿದರೂ ಮೂಳೆ, ಸಕ್ಕರೆ, ರಕ್ತದೊತ್ತಡಗಳು ಕೆಡುತ್ತವೆ.

7. ಬೀಡಿ, ಸಿಗರೇಟು ಬಿಡಿ. ಅಡಗಿರುವ ಒಲವನ್ನು ಕೆರಳಿಸುವ ಕಾರಣಗಳಲ್ಲಿ ನಮ್ಮ ಕೈಯಲ್ಲೇ ಇರುವುದು ಇದು.

ಕೊನೆಯದಾಗಿ

ಆ ಮನೆಯವರ ಎರಡು ಪ್ರಶ್ನೆಗಳಿಗೆ ಈಗ ಉತ್ತರ ಹೇಳಬಹುದು. ಇದು ಮನೆತನದ ದೋಷವೇ? ಅಲ್ಲ, ಯಾರ ತಪ್ಪಿನಿಂದಲೂ, ಯಾವ ಶಾಪದಿಂದಲೂ ಬಂದುದಲ್ಲ. ಹಿರಿಯರಿಂದ ಮೈಬಣ್ಣ, ಕಣ್ಣು, ದನಿಗಳು ಬಂದಂತೆ ಈ ಒಲವೂ ಬಂದಿದೆ. ಬೀಗರಿಗೆ ಹೇಳಬೇಕೇ? ಹೇಳಬೇಕು, ವೈದ್ಯರನ್ನು ಕಂಡು, ಅವರ ಮಾತನ್ನು ತಿಳಿದುಕೊಂಡು, ತಲೆಯೆತ್ತಿಯೇ ಹೇಳಬೇಕು. ಅಜ್ಜಿಯ ಕಾಲದಲ್ಲಿ ಕಾಯಿಲೆಯ ಹೆಸರೂ ತಿಳಿಯದೆ ಬೆರಳುಗಳು ಸೊಟ್ಟಗಾದವು. ಮೊಮ್ಮಗಳಿಗೆ ಅದು ಮೊದಲ ತಿಂಗಳಲ್ಲೇ ತಿಳಿದಿದೆ. ಚಿಕಿತ್ಸೆ ಬೇಗ ಆರಂಭವಾಗಿ ನಡುವೆ ನಿಲ್ಲದಿದ್ದರೆ, ಆಕೆಯ ಬೆರಳುಗಳು ನೆಟ್ಟಗೆ ಉಳಿಯುವ ಭರವಸೆ ಇಂದು ಧಾರಾಳವಾಗಿದೆ. ಆ ಭರವಸೆಯನ್ನು ನಮ್ಮ ನಾಚಿಕೆಯಿಂದ ನಾವೇ ಕಳೆದುಕೊಳ್ಳದಿರೋಣ.