ಮಳೆಗಾಲದಲ್ಲಿ ಹೊಡೆಸಿದ ಲೈನರ್

ಜೂನ್ 1ರಿಂದ ಜುಲೈ 31ರವರೆಗೆ ಮಲ್ಪೆಯಲ್ಲಿ ಟ್ರಾಲ್ ಬೋಟು ಕಡಲಿಗಿಳಿಯುವುದಿಲ್ಲ. ಬೋಟು ನಿಂತರೆ ನನ್ನ ಪಿಕಪ್ಪೂ ನಿಂತ ಹಾಗೆ. ಹೇಗೂ ಖಾಲಿ ಇದೆ, ಆಗಲೇ ಕೆಲಸ ಮುಗಿಸಿಬಿಡೋಣ ಎಂದುಕೊಂಡೆನಲ್ಲ, ನಾನು ಕೆಟ್ಟದ್ದೇ ಅಲ್ಲಿ.

ಮೀನಿನ ಗಾಡಿಯ ತಳ ಬೇಗ ತುಕ್ಕು ಹಿಡಿದು ಜರಡಿಯಾಗುತ್ತದೆ. ‘ತಗಡು ಹೊಡೆಸು, ಹಾಳಾದರೆ ಕಿತ್ತು ಬಿಸಾಡಬಹುದು’ ಎಂದಿದ್ದರು ಭಾವ. ಅವರ ಮಾತು ಕೇಳಿದರೆ ನನ್ನ ಮರ್ಯಾದೆ ಏನಾಗಬೇಕು? 28,000 ರೂಪಾಯಿ ಎಣಿಸಿ ಪಾಲಿಯುರೆಥೇನ್ ಸ್ಪ್ರೇ ಲೈನರ್ ಹೊಡೆಸಿದೆ. ಹೊರಗೆ ಧೋ ಎಂದು ಮಳೆ. ಶೆಡ್ಡಿನ ಗೋಡೆಯೇ ಬೆವರುತ್ತಿತ್ತು. ಅಂಗಡಿಯವ ಬಟ್ಟೆಯಲ್ಲಿ ಒರೆಸಿ, ಸ್ಯಾಂಡಿಂಗಿನ ಶಾಸ್ತ್ರ ಮುಗಿಸಿ ಗನ್ ಹಿಡಿದ. ನೋಡನೋಡುತ್ತಲೇ ಗಟ್ಟಿಯಾಯಿತು, ಮಿಂದ ಎಮ್ಮೆಯ ಬೆನ್ನಿನ ಹಾಗೆ ಕರ್ರಗೆ. ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆಗಳಿದ್ದವು. ‘ಅದು ಡಿಸೈನು ಸಾರ್’ ಎಂದ. ನಂಬಿದೆ.

ಸೆಪ್ಟೆಂಬರಿನ ಒಂದು ಬೆಳಗಿನ ಜಾವ, ಶಿವಮೊಗ್ಗ. ಬಂಗುಡೆಯ ಕ್ರೇಟು ಎಳೆಯುವಾಗ ಅದರ ಮೂಲೆ ಲೈನರಿಗೆ ಸಿಕ್ಕಿತು. ಹುಡುಗ ಇನ್ನೂ ಜೋರಾಗಿ ಎಳೆದ. ಕಾವಲಿಯಿಂದ ನೀರುದೋಸೆ ಏಳುವ ಹಾಗೆ ಮೊಳದಗಲದ ಹಾಳೆ ಎದ್ದು ಬಂತು. ಅಡಿಯಲ್ಲಿ ಚಹಾ ಬಣ್ಣದ ನೀರು, ಮುಟ್ಟಿದರೆ ಪದರಪದರವಾಗಿ ಉದುರುವ ತುಕ್ಕು. ಒಂದೂವರೆ ತಿಂಗಳಿನಿಂದ ಕೊಳೆತ ಮೀನುನೀರಿನ ಆ ವಾಸನೆಯನ್ನು ಬರೆದು ತಿಳಿಸಲಾರೆ. ಮೀನಿನಲ್ಲೇ ತಲೆ ನರೆತ ವ್ಯಾಪಾರಿ ಮೂಗು ಮುಚ್ಚಿಕೊಂಡರು! ಬಂಗುಡೆಯ ಕಿವಿರು ಕೆಂಪಗೇ ಇತ್ತು, ಆದರೆ ಹತ್ತಿರ ಬಂದರೆ ತಾನೆ ನೋಡುವುದು? ಅರ್ಧ ಬೆಲೆಗೆ ಕೊಟ್ಟು ಹೊರಟೆ. ಆಗುಂಬೆ ಘಾಟಿ ಇಳಿಯುವಾಗ ಎದ್ದ ಹಾಳೆ ಹಿಂದೆ ಪಟಪಟ ಬಡಿಯುತ್ತಿತ್ತು. ಪ್ರತಿ ತಿರುವಿನಲ್ಲೂ ಭಾವ ನಕ್ಕ ಹಾಗೆ ಕೇಳಿಸಿತು.

ಅಂಗಡಿಯವ ವಾರಂಟಿ ಕಾರ್ಡಿನ ಹಿಂಬದಿ ತೋರಿಸಿದ. ಉಪ್ಪುನೀರು ತಾಗಿದರೆ ವಾರಂಟಿ ಇಲ್ಲವಂತೆ. ಮೀನಿನ ಗಾಡಿ ಎಂದು ಗೊತ್ತಿದ್ದೇ ದುಡ್ಡು ತೆಗೆದುಕೊಂಡವನು! ನಾನೇನು ಪನ್ನೀರು ತುಂಬಬೇಕಿತ್ತೇ?

ಆಮೇಲೆ ಇನ್ನೊಬ್ಬ ಪೇಂಟರ್ ತಿಳಿಸಿಕೊಟ್ಟರು. ಈ ರಾಸಾಯನಿಕಕ್ಕೂ ನೀರಿಗೂ ಆಗಿಬರುವುದಿಲ್ಲ. ತೇವ ಸಿಕ್ಕರೆ ಅದರಲ್ಲಿರುವ ಐಸೊಸಯನೇಟ್ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ನನ್ನ ‘ಡಿಸೈನು’ ಅದೇ. ಗಾಡಿಯ ತಳದ ಬಿಸಿ ಇಬ್ಬನಿ ಕಟ್ಟುವ ಮಟ್ಟಕ್ಕಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಹೆಚ್ಚಿರಬೇಕು. ನುಣುಪಾದ ಪೇಂಟಿನ ಮೇಲೆ ಹೊಡೆದರೆ ಹಿಡಿತವೇ ಇರುವುದಿಲ್ಲ, ಪೂರ್ತಿ ಉಜ್ಜಿ ಒರಟು ಮಾಡಲೇಬೇಕು.

ಹೊಡೆಸುವವರು ಬೇಸಗೆಯಲ್ಲಿ ಹೊಡೆಸಿ. ಉಜ್ಜುವಾಗ ಎದುರಿಗೇ ನಿಲ್ಲಿ, ಸ್ಪ್ರೇ ಶುರುವಾದ ಮೇಲೆ ದೂರ ಹೋಗಿ. ಆ ಮಂಜು ಶ್ವಾಸಕ್ಕೆ ಕೆಟ್ಟದ್ದು. ನೀರು ಇಳಿಯುವ ತೂತು ಮುಚ್ಚಿಹೋಗದಂತೆ ನೋಡಿಕೊಳ್ಳಿ. ಕಾರ್ಡಿನ ಹಿಂಬದಿಯನ್ನು ದುಡ್ಡು ಕೊಡುವ ಮೊದಲೇ ಓದಿ.

ಹಳೆಯದನ್ನು ಕೆರೆದು ತೆಗೆಯಲು ಮೂರು ದಿನ ಹಿಡಿಯಿತು. ಜನವರಿಯಲ್ಲಿ ಬೇರೆ ಕಡೆ ಮತ್ತೆ ಸ್ಪ್ರೇಯನ್ನೇ ಹೊಡೆಸಿದ್ದೇನೆ, ತಗಡಲ್ಲ. ಆ ಹಳೆಯ ಅಂಗಡಿಯ ಮುಂದೆ ಈ ಜೂನಿನಲ್ಲೂ ಬೋರ್ಡು ನೇತಾಡುತ್ತಿದೆ: ‘ಮಳೆಗಾಲದ ವಿಶೇಷ ರಿಯಾಯಿತಿ’.