ಎರಡನೇ ಮನೆಯ ಲೆಕ್ಕ

ತಮ್ಮಂದಿರೇ, ತಂಗಿಯರೇ, ಒಂದು ಮಾತು ನೇರವಾಗಿ ಕೇಳುತ್ತೇನೆ. ನಿಮ್ಮೂರಲ್ಲಿ ಗಂಡಸೊಬ್ಬ ಎರಡನೇ ಹೆಂಡತಿ ತಂದುಕೊಂಡರೆ ಕಟ್ಟೆಯ ಮೇಲೆ ಕೂತವರು ಏನೆನ್ನುತ್ತಾರೆ? “ಗಂಡುಮಗ ಬೇಕಲ್ಲಪಾ” ಎನ್ನುತ್ತಾರೆ. “ಹೊಲ ಐತಿ, ಇಬ್ಬರನ್ನೂ ಸಾಕ್ತಾನ ಬಿಡು” ಎನ್ನುತ್ತಾರೆ. ಅದೇ ಕಟ್ಟೆಯ ಮುಂದೆ, ಗಂಡ ಸತ್ತ ಮೂವತ್ತರ ಹೆಣ್ಣುಮಗಳೊಬ್ಬಳು ಯಾರದೋ ಬೈಕಿನ ಹಿಂದೆ ಕೂತು ಶಹಾಪುರದ ಸಂತೆಗೆ ಹೋಗಿಬಂದರೆ, ಹೊತ್ತು ಮುಳುಗುವುದರೊಳಗೆ “ಅಕಿ ನಡತಿ ಚಲೋ ಇಲ್ಲ” ಎಂಬ ತೀರ್ಪು ಊರೆಲ್ಲ ಸುತ್ತಿರುತ್ತದೆ. ಅವನು ಹಿಂದೂವಾಗಿದ್ದರೆ ಮಾಡಿದ್ದು ಅಪರಾಧ. ಅವಳು ಮಾಡಿದ್ದು ಏನೂ ಇಲ್ಲ.

ಹಿಂದಿನದೆಲ್ಲ ಕೆಟ್ಟದ್ದೆಂದು ನಾನು ಹೇಳಲಾರೆ. ನಮ್ಮ ಕಡೆ ದುಡಿದು ತಿನ್ನುವ ಎಷ್ಟೋ ಜಾತಿಗಳಲ್ಲಿ ಗಂಡ ಸತ್ತವಳಿಗೆ ಉಡಿಕಿ ಎಂಬ ದಾರಿ ಇತ್ತು. ಬ್ರಾಹ್ಮಣರ ಮನೆಗಳಲ್ಲಿ ವಿಧವೆಯ ತಲೆ ಬೋಳಿಸಿ ಮೂಲೆಗೆ ಕೂರಿಸುತ್ತಿದ್ದ ಕಾಲದಲ್ಲೇ ಇವರು ಆಕೆಗೆ ಹೊಸ ಸೀರೆ ಉಡಿಸಿ ಮತ್ತೊಂದು ಮನೆಗೆ ಕಳಿಸುತ್ತಿದ್ದರು. ಆದರೆ ಹೇಗೆ? ರಾತ್ರಿ ಹೊತ್ತು, ಹೆಚ್ಚಾಗಿ ಕೃಷ್ಣಪಕ್ಷದಲ್ಲಿ, ಬಾಜಾಭಜಂತ್ರಿ ಇಲ್ಲದೆ. ಮುತ್ತೈದೆಯರು ಆ ಕಡೆ ಸುಳಿಯುತ್ತಿರಲಿಲ್ಲ. ಮುಂದೆ ಯಾರ ಮದುವೆಯಲ್ಲೂ ಅರಿಷಿಣ ಹಚ್ಚಲು ಉಡಿಕಿಯಾದವಳನ್ನು ಕರೆಯುತ್ತಿರಲಿಲ್ಲ. ಹೆಂಡತಿ ಸತ್ತ ಗಂಡಸಿಗೆ ಮಾತ್ರ ಹಾಡೇಹಗಲು ಹಂದರ, ಹಲಗೆ, ಬಾಸಿಂಗ.

ಈಗ ಕಾಲ ಬದಲಾಗಿದೆ, ಗುಣ ಬದಲಾಗಿಲ್ಲ. ಮಳೆ ಕೈಕೊಟ್ಟ ವರ್ಷ ಯಾದಗಿರಿ ಕಡೆಯಿಂದ ಬೆಂಗಳೂರಿಗೆ, ಪುಣೆಗೆ, ಮುಂಬೈಗೆ ಗುಳೆ ಹೋಗುವ ಹುಡುಗರಲ್ಲಿ ಕೆಲವರು ಅಲ್ಲಿ ತಗಡಿನ ಶೆಡ್ಡಿನಲ್ಲಿ ಇನ್ನೊಂದು ಒಲೆ ಹೂಡುತ್ತಾರೆ. ಊರಲ್ಲಿ ಹೆಂಡತಿ ಹತ್ತಿ ಬಿಡಿಸಿಕೊಂಡು ಅತ್ತೆ ಮಾವನ ಔಷಧಿಗೆ ದುಡ್ಡು ಹೊಂದಿಸುತ್ತಿರುತ್ತಾಳೆ. ಸುದ್ದಿ ಊರಿಗೆ ಮುಟ್ಟಿದಾಗ ಬುದ್ಧಿ ಹೇಳಿಸಿಕೊಳ್ಳುವವಳು ಅವಳೇ: “ಗಂಡಸು, ಹೊರಗ ಇರ್ತಾನ, ಸುಮ್ಕಿರವ್ವಾ.” ತಮ್ಮಂದಿರೇ, ಇಂಥ ಗೆಳೆಯನ ಬೆನ್ನು ತಟ್ಟಿ ನಗಬೇಡಿ. ನಿಮ್ಮ ನಗುವೇ ಅವನಿಗೆ ಪರವಾನಗಿ.

ಕೇಳಿದರೆ ದೇವರಿಗೇ ಇಬ್ಬರು ಎಂದು ಮೈಲಾರಲಿಂಗನನ್ನು ಎಳೆದು ತರುತ್ತಾರೆ. ಆತನ ಕಥೆಯಲ್ಲಿ ಕುರುಬರ ಹೆಣ್ಣೂ ಹೆಂಡತಿಯಾಗಿದ್ದಾಳೆ. ಆತನ ಮೈಲಾಪುರದ ಜಾತ್ರೆಯಲ್ಲಿ ಭಂಡಾರ ಹಾರಿಸಿ ಬಂದವರ ಮನೆಗೆ ಮಗ ಬೇರೆ ಜಾತಿಯ ಹುಡುಗಿಯನ್ನು ಕರೆತರಲಿ, ಆಗ ನೋಡಿ. ದೇವರಿಂದ ಬೇಕಾದಷ್ಟನ್ನೇ ಕಲಿಯುತ್ತೇವೆ. ಹೆಣ್ಣು ಗಂಡೆಂಬುದು ಮೈಯ ಗುರುತೇ ಹೊರತು ಒಳಗಿನ ಆತ್ಮಕ್ಕೆ ಆ ಭೇದವಿಲ್ಲ ಎಂದು ಬಸವಣ್ಣನವರಿಗಿಂತ ಮೊದಲೇ ಹೇಳಿದ ದೇವರ ದಾಸಿಮಯ್ಯ ಹುಟ್ಟಿದ್ದು ನಮ್ಮ ಮುದನೂರಿನಲ್ಲೇ. ಆ ಮಾತು ಕಟ್ಟೆಯ ಮೇಲೆ ಯಾರ ಬಾಯಲ್ಲೂ ಬರುವುದಿಲ್ಲ.

ಓದಿದವರು ಇದಕ್ಕಿಂತ ಮೇಲು ಅಂದುಕೊಳ್ಳಬೇಡಿ. ಸುರಪುರದ ಟೇಲರ್ ಮಂಜಿಲ್ ನೋಡಿದ್ದೀರಲ್ಲ. ಅಲ್ಲಿದ್ದ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ 1853ರವರೆಗೆ ಸಂಸ್ಥಾನದ ಆಡಳಿತ ನೋಡಿಕೊಂಡವನು. ಕೆರೆ, ರಸ್ತೆಗಳ ಒಳ್ಳೆಯ ಕೆಲಸ ಮಾಡಿದ, ಇಲ್ಲವೆನ್ನುವುದಿಲ್ಲ. ಆದರೆ ಬಾಲಕ ವೆಂಕಟಪ್ಪ ನಾಯಕನ ತಾಯಿ ರಾಣಿ ಈಶ್ವರಮ್ಮ ಗಂಡ ಸತ್ತ ಮೇಲೆ ಅಧಿಕಾರ ಕೈಲಿಟ್ಟುಕೊಳ್ಳಲು ಹೆಣಗಿದ್ದಕ್ಕೆ, ಆಕೆಯ ರಾಜಕಾರಣದ ಜೊತೆಗೆ ನಡತೆಯನ್ನೂ ತನ್ನ ಆತ್ಮಕಥೆಯಲ್ಲಿ ಹಳಿದ. ಅದು 1877ರಲ್ಲಿ ಅಚ್ಚಾಯಿತು. ಅರಸರಿಗೆ ಹಲವು ರಾಣಿಯರಿರುವುದು ಆಗ ಮಾಮೂಲು. ಅದಕ್ಕೆ ಯಾರೂ ಹುಬ್ಬು ಗಂಟಿಕ್ಕಲಿಲ್ಲ. ತಮಾಷೆ ಇನ್ನೂ ಇದೆ. ಟೇಲರನ ಹೆಂಡತಿ ಮೇರಿ, ಹೈದರಾಬಾದಿನಲ್ಲಿ ಲೇವಾದೇವಿ ನಡೆಸುತ್ತಿದ್ದ ವಿಲಿಯಂ ಪಾಮರನ ಮಗಳು. ಆಕೆಯ ಅಜ್ಜ ಜನರಲ್ ಪಾಮರ್ ವೆಸ್ಟ್ ಇಂಡೀಸಿನಲ್ಲಿ ಒಬ್ಬಳನ್ನು ಮದುವೆಯಾಗಿ, ಇಲ್ಲಿಗೆ ಬಂದು ಫೈಜ್ ಬಕ್ಷ್ ಬೇಗಂ ಜೊತೆ ಸಂಸಾರ ಹೂಡಿದವನು. ಪರರ ಮನೆಯ ಕಿಟಕಿಯಲ್ಲಿ ಇಣುಕುವವರಿಗೆ ಸ್ವಂತ ಮನೆಯ ಬಾಗಿಲು ಕಾಣುವುದಿಲ್ಲ.

ಇಣುಕುವ ಚಟ ಧರ್ಮಕ್ಕೂ ಹಬ್ಬಿದೆ. ಬಹುಪತ್ನಿತ್ವವೆಂದರೆ ಸಾಬರ ಸಂಗತಿ ಎಂದು ನಮ್ಮವರು ಸಲೀಸಾಗಿ ಹೇಳುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನಿಗೆ ಬೇರೆ ಹೆಂಡತಿಯೂ ಇದ್ದಾಳೆ ಎಂದವರು ಮುಸ್ಲಿಂ ಹೆಂಗಸರಲ್ಲಿ ನೂರಕ್ಕೆ 1.9, ಹಿಂದೂ ಹೆಂಗಸರಲ್ಲಿ 1.3. ಕಾನೂನು ಒಂದು ಕಡೆ ಬಿಟ್ಟಿದೆ, ಇನ್ನೊಂದು ಕಡೆ ಕಟ್ಟಿದೆ, ಅಂತರ ಇಷ್ಟೇ.

ಆ ಕಾನೂನಿನ ಮಾತನ್ನು, ತಂಗಿಯರೇ, ನೀವು ಚೆನ್ನಾಗಿ ಕೇಳಿಸಿಕೊಳ್ಳಿ. 1955ರ ಹಿಂದೂ ವಿವಾಹ ಕಾಯ್ದೆ ಬಂದ ಮೇಲೆ, ಮೊದಲ ಹೆಂಡತಿ ಬದುಕಿದ್ದು ಕೋರ್ಟಿನಿಂದ ಬಿಡುಗಡೆಯಾಗದೆ ಕಟ್ಟಿದ ಎರಡನೇ ತಾಳಿಗೆ ಬೆಲೆಯಿಲ್ಲ. ಮೊದಲು ದಂಡ ಸಂಹಿತೆಯ 494ನೇ ಕಲಂ, ಈಗ ನ್ಯಾಯ ಸಂಹಿತೆಯ 82. ಏಳು ವರ್ಷದವರೆಗೆ ಜೈಲು. ಹಾಗಾದರೆ ಜೈಲುಗಳು ತುಂಬಬೇಕಿತ್ತಲ್ಲ? ದೂರು ಕೊಡಬೇಕಾದವಳು ಮೊದಲ ಹೆಂಡತಿ, ಇಲ್ಲವೇ ಅವಳ ಪರವಾಗಿ ತವರಿನವರು. ಕೊಟ್ಟರೂ ಎರಡನೇ ಮದುವೆಯ ಶಾಸ್ತ್ರಗಳು ಸರಿಯಾಗಿ ನಡೆದವೆಂದು ರುಜುವಾತಾಗಬೇಕು ಎಂದು ಸುಪ್ರೀಂ ಕೋರ್ಟ್ 1965ರಲ್ಲೇ ಹೇಳಿದೆ. ಅದಕ್ಕೇ ಯಾವುದೋ ಗುಡಿಯ ಹಿಂದೆ, ಇಬ್ಬರು ಗೆಳೆಯರ ಮುಂದೆ ತಾಳಿ ಕಟ್ಟಿ ಮುಗಿಸುತ್ತಾರೆ. ಫೋಟೋ ಬೇಡ, ರಿಜಿಸ್ಟರ್ ಬೇಡ ಎನ್ನುವವನಿಗೆ ಕೊರಳು ಒಡ್ಡಬೇಡಿ. ಅವನಿಗೆ ಹೆಂಡತಿ ಇದ್ದಾಳೆಂದು ಗೊತ್ತಿದ್ದೂ ಕೂಡಿ ಬಾಳಿದವಳಿಗೆ ಕೌಟುಂಬಿಕ ಹಿಂಸೆ ಕಾಯ್ದೆಯ ಆಸರೆ ಸಿಗಲಿಲ್ಲ. 2013ರಲ್ಲಿ ಕರ್ನಾಟಕದ್ದೇ ಪ್ರಕರಣವೊಂದರಲ್ಲಿ ಹಾಗೆ ತೀರ್ಪಾಯಿತು. ರೇಷನ್ ಕಾರ್ಡಿನಲ್ಲಿ ಯಜಮಾನಿ ಯಾರು, ಗೃಹಲಕ್ಷ್ಮಿಯ 2000 ರೂಪಾಯಿ ಯಾರ ಖಾತೆಗೆ, ನಾಳೆ ಪಹಣಿಯಲ್ಲಿ ಯಾರ ಹೆಸರು? ತಾಳಿಗೆ ಮುಂಚೆ ಕೇಳಿ. ನಾಚಿಕೆ ಪಡಬೇಡಿ.

ಇನ್ನೊಂದು ಮಾತು. ಮದುವೆಯಾಗದ ಇಬ್ಬರು ವಯಸ್ಕರು ಒಪ್ಪಿ ಒಂದೇ ಮನೆಯಲ್ಲಿರುವುದು ಅಪರಾಧವಲ್ಲ. ಅದು ನನಗೆ ರುಚಿಸುತ್ತದೋ ಇಲ್ಲವೋ ಬೇರೆ ಮಾತು. ಬಚ್ಚಿಟ್ಟ ಎರಡನೇ ಸಂಸಾರವನ್ನು ಸಹಿಸುವ ಊರು, ಬಚ್ಚಿಡದೆ ಬಾಳುವ ಜೋಡಿಗೆ ಬಾಡಿಗೆ ಮನೆ ಕೊಡುವುದಿಲ್ಲವಲ್ಲ, ಅದು ನನ್ನನ್ನು ಚುಚ್ಚುತ್ತದೆ.

ಕೊನೆಗೆ ಸಾಲ ತೀರಿಸುವವರು ಮಕ್ಕಳು. ದೇವದಾಸಿ ಸಮರ್ಪಣೆಯನ್ನು 1982ರ ಕಾಯ್ದೆ ನಿಷೇಧಿಸಿದ ಮೇಲೂ, ಮುತ್ತು ಕಟ್ಟಿಸಿಕೊಂಡ ತಾಯಂದಿರ ಮಕ್ಕಳು ಶಾಲೆಯಲ್ಲಿ ತಂದೆಯ ಹೆಸರಿನ ಮುಂದೆ ತಡವರಿಸುವುದನ್ನು ನಮ್ಮ ಕಡೆ ಕಂಡಿದ್ದೇವೆ. ತಂದೆ ಮಾತ್ರ ಊರಲ್ಲಿ ತಲೆಯೆತ್ತಿ ಓಡಾಡುತ್ತಿರುತ್ತಾನೆ. ಎರಡನೇ ಹೆಂಡತಿಯ ಮಕ್ಕಳಿಗೂ ಇದೇ ಗತಿ. ಆಸ್ತಿ ಹಂಚುವಾಗ ದಾಯಾದಿಗಳು “ನಿನಗೇನೈತಿ ಇಲ್ಲಿ” ಎಂದು ಕಳಿಸಿಬಿಡುತ್ತಾರೆ. ಅದು ಸುಳ್ಳು. ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಮತ್ತು ಮಲ್ಲಿಕಾರ್ಜುನ ಪ್ರಕರಣದಲ್ಲಿ 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿದ್ದಿಷ್ಟು: ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ತಂದೆಯ ಪಾಲಿಗೆ ಬರುವುದರಲ್ಲಿ ಇಂಥ ಮಕ್ಕಳಿಗೂ ಹಕ್ಕಿದೆ. ಕುಟುಂಬದ ಇತರರ ಪಾಲಿನಲ್ಲಿ ಇಲ್ಲ.

ನಿಮ್ಮ ಓಣಿಯಲ್ಲಿ ಅಂಥ ಮಗುವಿದ್ದರೆ ಅದರ ತಾಯಿಗೆ ಈ ಸಂಗತಿ ತಿಳಿಸಿ. ಹೆಣ್ಣುಮಕ್ಕಳಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಪುಕ್ಕಟೆ ಸಿಗುತ್ತಾರೆ. ಅರ್ಜಿ ಬರೆಯಲು ಬಾರದಿದ್ದರೆ ನೀವೇ ಬರೆದುಕೊಡಿ, ಯಾದಗಿರಿಯ ಕೋರ್ಟಿಗೆ ಜೊತೆಯಲ್ಲಿ ಹೋಗಿ.