ಹದ ಆರುವ ಮುನ್ನ: ಕಡಲಾಚೆಯ ಒಂದು ಮಿಠಾಯಿ ಶಿಲ್ಪ

ಜಪಾನಿನ 'ಅಮೆಜೈಕು' ಎಂಬ ಪದ ಕನ್ನಡ ಐಚ್ಛಿಕ ವಿದ್ಯಾರ್ಥಿಗಳಿಗೆ ತೀರ ಅಪರಿಚಿತವೆನಿಸಬೇಕಾಗಿಲ್ಲ. 'ಅಮೆ' ಎಂದರೆ ಪಾಕದ ಮಿಠಾಯಿ. 'ಸೈಕು' ಎಂದರೆ ಕುಶಲ ಕೆಲಸ. ಎರಡೂ ಸೇರಿ ಸಮಾಸವಾಗುವಾಗ ಉತ್ತರಪದದ ಸಕಾರ ಜಕಾರವಾಗುತ್ತದೆ. ಮಳೆ ಮತ್ತು ಕಾಲ ಸೇರಿ 'ಮಳೆಗಾಲ'ವಾಗುವಲ್ಲಿ ನಾವು ಗುರುತಿಸುವ ಆದೇಶಸಂಧಿಯನ್ನು ಇದು ಹೋಲುತ್ತದೆ. ಪದದಂತೆ ಕಲೆಯೂ ಹೊಸ ನೆರೆಯಲ್ಲಿ ಸ್ವಲ್ಪ ಬದಲಾಗುತ್ತದೆ. ಎಷ್ಟು ಬದಲಾದರೂ ಅದು ಅದೇ ಕಲೆಯಾಗಿ ಉಳಿಯುತ್ತದೆಯೆ ಎಂಬುದು ಇಲ್ಲಿನ ಪ್ರಶ್ನೆ.

ಪಿಷ್ಟದಿಂದ ಸಿದ್ಧವಾದ 'ಮಿಜುಅಮೆ' ಎಂಬ ಪಾಕವನ್ನು ಸುಮಾರು 90 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಮೆದುವಾಗಿಸಿ, ಎಳೆದು ಮಡಿಸಿ ನಾದುತ್ತಾರೆ. ಗಾಳಿ ಸೇರಿದಂತೆಲ್ಲ ಅದು ಬೆಳ್ಳಗಾಗುತ್ತದೆ. ಬಿಸಿ ಉಂಡೆಯನ್ನು ಕಡ್ಡಿಯ ತುದಿಗೆ ಸಿಕ್ಕಿಸಿ, ಬೆರಳುಗಳಿಂದ ಎಳೆದು, ಪುಟ್ಟ ಕತ್ತರಿಯಿಂದ ಕಿವಿ, ರೆಕ್ಕೆ, ಈಜುರೆಕ್ಕೆಗಳನ್ನು ಬಿಡಿಸುತ್ತಾರೆ. ನಮ್ಮ ಸಂಕ್ರಾಂತಿಯ ಸಕ್ಕರೆ ಅಚ್ಚಿಗೆ ಮರದ ಅಚ್ಚು ರೂಪ ಕೊಡುತ್ತದೆ. ಇಲ್ಲಿ ಅಚ್ಚೇ ಇಲ್ಲ. ಪಾಕ ಗಟ್ಟಿಯಾಗಲು ಹಿಡಿಯುವುದು ಕೆಲವೇ ನಿಮಿಷ. 'ಹದ' ಎಂಬ ಮಾತಿನ ಪೂರ್ಣಾರ್ಥ ತಿಳಿಯುವುದು ಇಂಥ ಕೆಲಸದಲ್ಲಿಯೇ.

ಎಡೊ ಕಾಲದಲ್ಲಿ (1603–1868) ಇದು ಬೀದಿಯ ಕಲೆಯಾಗಿತ್ತು. ಕೊಳವೆಯಿಂದ ಊದಿ ಪಾಕವನ್ನು ಉಬ್ಬಿಸುವ ಕ್ರಮವೂ ಇತ್ತು. ನೈರ್ಮಲ್ಯದ ಕಾರಣದಿಂದ ಊದುವ ಕ್ರಮ ಮುಂದೆ ಹಿಂದೆ ಸರಿಯಿತು. ಕೈ ಮತ್ತು ಕತ್ತರಿಯೇ ಮುಖ್ಯವಾದವು. ಎಂದರೆ ತವರಿನಲ್ಲಿಯೂ ಈ ಕಲೆ ಇದ್ದಂತೆಯೇ ಇರಲಿಲ್ಲ.

ಇದನ್ನು ಪರದೇಶಕ್ಕೆ ಒಯ್ದವರಲ್ಲಿ ಮಿಯುಕಿ ಸುಗಿಮೊರಿ ಒಬ್ಬರು. ಅಮೆರಿಕದ ಫ್ಲಾರಿಡಾದಲ್ಲಿರುವ ಎಪ್ಕಾಟ್ ಉದ್ಯಾನದ ಜಪಾನ್ ವಿಭಾಗದಲ್ಲಿ ಅವರು 2013ರವರೆಗೆ ಹಲವು ವರ್ಷ ಈ ಕಲೆಯನ್ನು ಪ್ರದರ್ಶಿಸಿದರು. ಸುತ್ತ ನಿಂತ ಮಕ್ಕಳು ತಮಗಿಷ್ಟವಾದ ಪ್ರಾಣಿಯ ಹೆಸರು ಹೇಳುವರು. ಅದು ಅವರ ಕಣ್ಣೆದುರೇ ರೂಪುಗೊಳ್ಳುವುದು. ನೋಡುವವರಿಗೆ ಜಪಾನೀ ಭಾಷೆ ಬೇಕಾಗಿರಲಿಲ್ಲ; ಕೈಗಳ ಚಲನೆಯೇ ಮಾತಾಗಿತ್ತು.

ಆದರೆ ಇಂಥ ಬಾಳಿಗೆ ಒಂದು ಕೊರತೆಯೂ ಅಂಟಿಕೊಂಡಿರುತ್ತದೆ. ಕೃತಿ ಬಾಯಲ್ಲಿ ಕರಗುತ್ತದೆ, ಇಲ್ಲವೆ ತೇವಕ್ಕೆ ಅಂಟಂಟಾಗಿ ರೂಪಗೆಡುತ್ತದೆ. ಉಳಿಯುವುದು ಕಲಿತ ಕೈ ಮಾತ್ರ. ಪರದೇಶದಲ್ಲಿ ಒಬ್ಬಂಟಿಯಾಗಿ ದುಡಿಯುವ ಕಲಾವಿದರಿಗೆ ಪ್ರೇಕ್ಷಕರು ಸಾವಿರಾರು ಮಂದಿ ಸಿಗಬಹುದು. ಪಕ್ಕದಲ್ಲಿ ಕುಳಿತು ಬೆರಳು ಸುಟ್ಟುಕೊಳ್ಳುತ್ತ ಕಲಿಯುವ ಶಿಷ್ಯರು ಸಿಗುವುದು ದುರ್ಲಭ. ಇತ್ತ ಟೋಕಿಯೊದ ಅಸಾಕುಸಾದಲ್ಲಿ ಶಿನ್ರಿ ತೆಜುಕಾ ಅವರು ಅಂಗಡಿ ತೆರೆದು, ಕಿರಿಯರಿಗೆ ಈ ವಿದ್ಯೆಯನ್ನು ಕಲಿಸುತ್ತಿದ್ದಾರೆ. ಸ್ವತಃ ತೆಜುಕಾ ಇದನ್ನು ಬಹುಪಾಲು ತಾವೇ ಅಭ್ಯಾಸದಿಂದ ಕಲಿತವರು ಎಂಬುದು, ಗುರುಶಿಷ್ಯ ಸರಣಿ ಎಷ್ಟು ತೆಳುವಾಗಿತ್ತೆಂಬುದನ್ನೂ ಸೂಚಿಸುತ್ತದೆ.

ಹಾಗಾದರೆ ಪರಂಪರೆ ಎಲ್ಲಿದೆ? ಪ್ರಾಣಿ ಬದಲಾದರೆ, ಊರು ಬದಲಾದರೆ, ನೋಡುವವರ ಭಾಷೆ ಬದಲಾದರೆ ಅದು ನಾಶವಾಗುವುದಿಲ್ಲ. ಬಿಸಿ ಪಾಕವನ್ನು ಹಿಡಿಯುವ ಇನ್ನೊಂದು ಎಳೆಯ ಕೈ ಇಲ್ಲವಾದಾಗ ಮಾತ್ರ ಅದು ನಿಲ್ಲುತ್ತದೆ. ರಾಜ್ಯದ ಗಡಿಯಾಚೆ ಕುಳಿತು ಕನ್ನಡವನ್ನು ಐಚ್ಛಿಕವಾಗಿ ಆರಿಸಿಕೊಂಡ ನಮಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಭ್ಯಾಸಕ್ಕೆ:
1. 'ಹದ', 'ಪಾಕ', 'ಅಚ್ಚು' ಎಂಬ ಪದಗಳು ನಿಮ್ಮ ಊರಿನ ಕನ್ನಡದಲ್ಲಿ ಯಾವ ಯಾವ ಅರ್ಥಗಳಲ್ಲಿ ಬಳಕೆಯಾಗುತ್ತವೆ? ಹಿರಿಯರನ್ನು ಕೇಳಿ ಬರೆಯಿರಿ.
2. ನಿಮ್ಮ ಊರಿನಲ್ಲಿ ಕಲಿಯುವವರಿಲ್ಲದೆ ನಿಲ್ಲುತ್ತಿರುವ ಒಂದು ಕೈಕಸುಬಿನ ಪದಗಳನ್ನು ಸಂಗ್ರಹಿಸಿರಿ.